ವಾರಕ್ಕೊಂದು ವ್ಯವಹಾರ: ಕೆಲಸದ ನಡುವೆ ದೊಡ್ಡವರು ಇಂಗ್ಲಿಷ್ ಕಲಿಯೋ ದಾರಿ

ಮುಂಬೈಗೆ ಬಂದು ಹದಿನೈದು ಇಪ್ಪತ್ತು ವರ್ಷ ಆದ ನಮ್ಮೂರಿನವರ ಬಾಯಲ್ಲಿ ಎಷ್ಟು ಭಾಷೆ ಉಂಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಮನೇಲಿ ತುಳು ಇಲ್ಲಾ ಕುಂದಾಪ್ರ ಕನ್ನಡ, ಸಂಘದ ಕಾರ್ಯಕ್ರಮದಲ್ಲಿ ಶಾಲೆ ಕನ್ನಡ, ಗಿರಾಕಿ ಹತ್ರ ಹಿಂದಿ, ತರಕಾರಿ ಮಾರೋ ಭಾಜಿವಾಲಿ ಹತ್ರ ಮರಾಠಿ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ನಿಂತವರದ್ದೂ ಹೆಚ್ಚುಕಮ್ಮಿ ಹೀಗೇ. ಹಿಂದಿಗಾಗಲಿ ಮರಾಠಿಗಾಗಲಿ ಇವರ್ಯಾರೂ ಕ್ಲಾಸಿಗೆ ಹೋದದ್ದಲ್ಲ, ಬೀದಿಯೇ ಕಲಿಸ್ತು. ಆದ್ರೆ ಇದೇ ಜನ ಬ್ಯಾಂಕಿಂದ ಒಂದು ಇಂಗ್ಲಿಷ್ ಕಾಗದ ಬಂದ್ರೆ ಮಗಳು ಕಾಲೇಜಿಂದ ಬರುವವರೆಗೆ ಅದನ್ನ ಫ್ರಿಜ್ ಮೇಲೆ ಇಟ್ಟು ಕಾಯ್ತಾರೆ.

ಇದಕ್ಕೆ ಬುದ್ಧಿ ಕಮ್ಮಿ, ವಯಸ್ಸಾಯ್ತು, ಕನ್ನಡ ಮೀಡಿಯಂ ಅಂತೆಲ್ಲ ಕಾರಣ ಹೇಳೋದುಂಟು, ನನಗೆ ಅದ್ಯಾವುದೂ ಸರಿ ಅನ್ಸೋದಿಲ್ಲ. ಮುಂಬೈ ಬೀದಿ ಇಂಗ್ಲಿಷ್ ಕಲಿಸೋದೇ ಇಲ್ಲ, ಅಷ್ಟೇ ವಿಷಯ. ಇಲ್ಲಿ ಬಾಯಿಗೆ ಹಿಂದಿ ಸಾಕು, ರಿಕ್ಷಾದವನಿಂದ ಹಿಡಿದು ದೊಡ್ಡ ಶೋರೂಮಿನವರೆಗೆ ಹಿಂದಿಯಲ್ಲೇ ಎಲ್ಲ ಮುಗೀತದೆ. ಇಂಗ್ಲಿಷ್ ಬರೋದು ಕಾಗದದಲ್ಲಿ, ಇಮೇಲಲ್ಲಿ, ಹೌಸಿಂಗ್ ಸೊಸೈಟಿ ನೋಟಿಸಲ್ಲಿ, ಅಗ್ರಿಮೆಂಟಲ್ಲಿ, ಡಾಕ್ಟರ ಚೀಟಿಯಲ್ಲಿ, ಮತ್ತೆ ಕೆಲಸ ಬದಲಾಯಿಸೋ ದಿನ ಇಂಟರ್‌ವ್ಯೂ ರೂಮಲ್ಲಿ. ಅಂದ್ರೆ ಅಪರೂಪಕ್ಕೆ ಬರ್ತದೆ, ಬಂದಾಗ ದುಡ್ಡು ಸಹಿ ಆರೋಗ್ಯದ ಜೊತೆಗೇ ಬರ್ತದೆ. ಹಾಗಾಗಿ ನಾಲ್ಕು ಜನರ ಜೊತೆ ಮಾತಾಡ್ತಾ ಮಾತಾಡ್ತಾ ಬರ್ತದೆ ಅಂತ ಕಾದ್ರೆ ಅದು ಬರೋದಿಲ್ಲ. ಮೊಬೈಲ್ ಆ್ಯಪ್ ಹಾಕ್ಕೊಂಡ್ರೆ ಹಣ್ಣು, ಪ್ರಾಣಿ, ಬಣ್ಣದ ಹೆಸರು ಕಲಿಸಿ ಶಭಾಷ್ ಅಂತದೆ, ನಾಳೆ ಬೆಳಿಗ್ಗೆ ನಿಮ್ಮ ಕೈಗೆ ಬರೋ ಕಾಗದದಲ್ಲಿ ಅದರಲ್ಲಿ ಒಂದು ಪದವೂ ಇರೋದಿಲ್ಲ.

ಇಂಥವರಿಗೆ, ಅಂದ್ರೆ ಟೀಚರ್ ಇಲ್ಲ, ಕ್ಲಾಸಿಗೆ ಟೈಮಿಲ್ಲ, ದಿನಕ್ಕೆ ಹೆಚ್ಚಂದ್ರೆ ಅರ್ಧ ಗಂಟೆ ಸಿಗ್ತದೆ ಅನ್ನೋವರಿಗೆ, ಇರೋದರಲ್ಲಿ ಒಳ್ಳೇ ಉಪಾಯ ಅಂದ್ರೆ ವಾರಕ್ಕೊಂದು ಥೀಮ್ ಹಿಡಿಯೋದು. ಕೇಳೋದಕ್ಕೆ ಸಿಂಪಲ್: ಈ ವಾರ ಮನೆ ಬಾಡಿಗೆ, ಮುಂದಿನ ವಾರ ಲೈಟ್ ಬಿಲ್, ಅದರಾಚೆ ವಾರ ಆಸ್ಪತ್ರೆ. ಆ ವಾರ ಓದೋದು, ಕೇಳೋದು, ಬರೆಯೋದು, ಮಾತಾಡೋದು ಎಲ್ಲ ಅದೇ ವಿಷಯದ ಸುತ್ತ. ಮಾಡೋವಾಗ ಮಾತ್ರ ಎರಡು ಮೂರು ಕಡೆ ದಾರಿ ತಪ್ಪುತ್ತದೆ, ಅದನ್ನೇ ಇಲ್ಲಿ ಬಿಡಿಸಿ ಹೇಳ್ತೇನೆ.

ಮೊದಲನೇದು ಥೀಮ್ ಅಂದ್ರೆ ಎಂತ ಅನ್ನೋದೇ. ತರಕಾರಿ ವಾರ, ಬಣ್ಣಗಳ ವಾರ, ವಿರುದ್ಧ ಪದಗಳ ವಾರ, ಇವೆಲ್ಲ ಥೀಮ್ ಅಲ್ಲ, ಪಟ್ಟಿ. ಶಾಲೆ ಪುಸ್ತಕದಲ್ಲಿ ಹೀಗೇ ಇರೋದರಿಂದ ನಮಗೆ ಇದೇ ಸರಿ ಅನ್ಸಿಬಿಡ್ತದೆ, ಆದ್ರೆ ಒಂದೇ ಜಾತಿಯ ಹೊಸ ಪದಗಳನ್ನ ಒಟ್ಟಿಗೆ ಕಲಿತ್ರೆ ತಲೆಯಲ್ಲಿ ಅವು ಒಂದಕ್ಕೊಂದು ಅಡ್ಡ ಬರ್ತವೆ. ಥಾಮಸ್ ಟಿಂಕಮ್ ಅನ್ನೋ ಸಂಶೋಧಕರು 1993ರಲ್ಲೂ ಮತ್ತೆ 1997ರಲ್ಲೂ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ದಾರೆ, ಶರ್ಟು ಜಾಕೆಟ್ಟು ಸ್ವೆಟರು ಅಂತ ಒಂದೇ ಗುಂಪಿನ ಪದ ಕೊಟ್ರೆ ಜನ ನಿಧಾನಕ್ಕೆ ಕಲಿತ್ರು, ಕಪ್ಪೆ, ಕೆರೆ, ಹಸಿರು, ಕುಪ್ಪಳಿಸೋದು ಈ ಥರ ಒಂದೇ ಸನ್ನಿವೇಶಕ್ಕೆ ಸೇರಿದ ಬೇರೆಬೇರೆ ಪದ ಕೊಟ್ರೆ ಬೇಗ ಕಲಿತ್ರು. ನಮ್ಮಲ್ಲೇ ನೋಡಿ, ಟ್ಯೂಸ್‌ಡೇ ಥರ್ಸ್‌ಡೇ ಎರಡನ್ನೂ ಶಾಲೆಯಲ್ಲಿ ಒಂದೇ ದಿನ ಕಲಿತು ಐವತ್ತು ವರ್ಷಕ್ಕೂ ಯಾವುದು ಮಂಗಳವಾರ ಅಂತ ಒಂದು ಸೆಕೆಂಡ್ ನಿಲ್ಲೋ ಜನ ಎಷ್ಟಿಲ್ಲ. ಡೆಬಿಟ್ ಕ್ರೆಡಿಟ್ ಕೂಡ ಹಾಗೆ, ಜೋಡಿಯಾಗಿ ಕಲಿತದ್ದು ಜೋಡಿಯಾಗಿಯೇ ಗೊಂದಲ ಮಾಡ್ತದೆ. ಅದಕ್ಕೆ ಥೀಮ್ ಅಂದ್ರೆ ನೀವು ನಿಜವಾಗಿ ಮಾಡಬೇಕಾದ ಒಂದು ವ್ಯವಹಾರ ಆಗಿರಬೇಕು, ಅದಕ್ಕೆ ಶುರು ಉಂಟು, ನಡು ಉಂಟು, ಮುಗಿತಾಯ ಉಂಟು, ಅದರಲ್ಲಿ ಜನ ಇದ್ದಾರೆ, ಒಂದು ಕಾಗದ ಉಂಟು, ಒಂದು ಜಗಳ ಆಗುವ ಸಾಧ್ಯತೆಯೂ ಉಂಟು. ಇಷ್ಟಿದ್ರೆ ಅದು ಒಂದು ವಾರಕ್ಕೆ ಲಾಯಕ್ಕು.

ಇನ್ನು ವಾರವೇ ಯಾಕೆ, ದಿನಕ್ಕೊಂದು ವಿಷಯ ಯಾಕಲ್ಲ. ಹರ್ಮನ್ ಎಬ್ಬಿಂಗ್‌ಹಾಸ್ ಅಂತ ಜರ್ಮನಿಯವರು, ಅರ್ಥವೇ ಇಲ್ಲದ ಅಕ್ಷರಗಳನ್ನ ತಾವೇ ಬಾಯಿಪಾಠ ಮಾಡಿ ಎಷ್ಟು ದಿನಕ್ಕೆ ಎಷ್ಟು ಮರೀತೇನೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದ್ರು. ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ಮತ್ತೆ, ಒಂದೇ ಸಲ ಕೂತು ಉರು ಹೊಡೆಯೋದಕ್ಕಿಂತ ಅದೇ ಹೊತ್ತನ್ನ ಹಲವು ದಿನಕ್ಕೆ ಹಂಚಿದ್ರೆ ಹೆಚ್ಚು ನಿಲ್ತದೆ. ಇವತ್ತಿಗೂ ಯಾರೂ ಇದನ್ನ ಸುಳ್ಳು ಮಾಡಿಲ್ಲ. ದಿನಕ್ಕೊಂದು ವಿಷಯ ಹಿಡಿದ್ರೆ ಸೋಮವಾರ ಕಲಿತ ಪದ ಮಂಗಳವಾರ ಸಿಗೋದೇ ಇಲ್ಲ. ವಾರಪೂರ್ತಿ ಒಂದೇ ವಿಷಯ ಆದ್ರೆ ಅದೇ ಇಪ್ಪತ್ತು ಪದ ಓದುವಾಗ ಒಮ್ಮೆ, ಕೇಳುವಾಗ ಒಮ್ಮೆ, ಬರೆಯುವಾಗ ಒಮ್ಮೆ ತಾವಾಗೇ ಎದುರು ಬರ್ತವೆ, ನೀವು ರಿವಿಜನ್ ಅಂತ ಬೇರೆ ಕೂರೋದು ಬೇಕಿಲ್ಲ. ತಿಂಗಳಿಗೊಂದು ಮಾಡಿದ್ರೆ? ಬೋರ್ ಬರ್ತದೆ, ಮತ್ತೆ ಕೆಲಸ ಮಾಡುವವರಿಗೆ ವಾರ ಅನ್ನೋದು ರೂಢಿ ಇರೋ ಅಳತೆ, ವೀಕ್ಲಿ ಆಫ್ ಇರ್ತದಲ್ಲ, ಅಲ್ಲಿಗೆ ಒಂದು ಗಂಟು ಹಾಕ್ಬಹುದು. ಇಪ್ಪತ್ತು ಪದ ಅಂದೆ, ಅದು ನನ್ನ ಲೆಕ್ಕ, ಹತ್ತಾದ್ರೂ ಪರವಾಗಿಲ್ಲ, ಐವತ್ತು ಮಾತ್ರ ಬೇಡ.

ಹಾಗಾದ್ರೆ ಒಟ್ಟು ಎಷ್ಟು ಪದ ಬೇಕು ಅಂತ ಕೇಳ್ತಾರೆ. ಮೈಕೆಲ್ ವೆಸ್ಟ್ ಅಂತ ಒಬ್ರು, ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವರು, ಬಂಗಾಳಿ ಹುಡುಗರು ಇಂಗ್ಲಿಷ್ ಓದೋಕೆ ಪಡುವ ಪಾಡು ನೋಡಿ ತಲೆಕೆಡಿಸ್ಕೊಂಡವರು, 1953ರಲ್ಲಿ ಸುಮಾರು ಎರಡು ಸಾವಿರ ಪದಗಳ ಒಂದು ಪಟ್ಟಿ ತಂದ್ರು. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಬರೋ ಪದಗಳಲ್ಲಿ ನೂರಕ್ಕೆ ಎಂಬತ್ತರ ಹತ್ರ ಆ ಪಟ್ಟಿಯಲ್ಲೇ ಸಿಗ್ತವೆ. ಅಮೆರಿಕದ ವಾಯ್ಸ್ ಆಫ್ ಅಮೆರಿಕಾ ರೇಡಿಯೋ 1959ರಲ್ಲಿ ಶುರು ಮಾಡಿದ ಸ್ಪೆಷಲ್ ಇಂಗ್ಲಿಷ್ ಸುದ್ದಿ ಇನ್ನೂ ಕಮ್ಮಿ, ಸುಮಾರು 1500 ಪದದಲ್ಲೇ ಲೋಕದ ಸುದ್ದಿ ಎಲ್ಲ ನಿಧಾನಕ್ಕೆ ಓದ್ತಿದ್ರು. ಅಂದ್ರೆ ಬೆಟ್ಟ ಅಷ್ಟೇನು ದೊಡ್ಡದಲ್ಲ. ಅದರಲ್ಲೂ ಟಿಕೆಟ್, ಪ್ಲಾಟ್‌ಫಾರ್ಮ್, ಡಿಪಾಜಿಟ್, ಆಪರೇಷನ್, ಬ್ಯಾಲೆನ್ಸ್ ಅಂತ ನೂರಾರು ಪದ ಮುಂಬೈಯಲ್ಲಿ ಶಾಲೆ ಮೆಟ್ಟಿಲು ಹತ್ತದವರಿಗೂ ಗೊತ್ತು. ಕೊರತೆ ಇರೋದು ಆ ಪದಗಳನ್ನ ಒಂದು ವಾಕ್ಯಕ್ಕೆ ಹೊಂದಿಸೋದರಲ್ಲಿ.

ಎರಡನೇ ಕಡೆ ದಾರಿ ತಪ್ಪೋದು ಇಲ್ಲೇ. ದೊಡ್ಡವರು ಕಲಿಯೋಕೆ ಕೂತ್ರೆ ನೋಟ್‌ಬುಕ್ ತೆಗೆದು ಪದ, ಅರ್ಥ, ವ್ಯಾಕರಣ ಬರೀತಾರೆ, ಬರೀತಾನೇ ಇರ್ತಾರೆ. ನ್ಯೂಜಿಲೆಂಡಿನ ಪಾಲ್ ನೇಷನ್ ಅಂತ ಪ್ರೊಫೆಸರ್ ಹೇಳೋದು ಕಲಿಕೆಗೆ ನಾಲ್ಕು ಎಳೆ ಇರಬೇಕು, ನಾಲ್ಕಕ್ಕೂ ಹೆಚ್ಚುಕಮ್ಮಿ ಸಮ ಸಮಯ ಕೊಡಬೇಕು ಅಂತ. ಅರ್ಥಕ್ಕೋಸ್ಕರ ಓದೋದು ಕೇಳೋದು ಒಂದು, ಅರ್ಥ ಮುಟ್ಟಿಸೋಕೆ ಮಾತಾಡೋದು ಬರೆಯೋದು ಎರಡು, ಪದ ವ್ಯಾಕರಣ ಉಚ್ಚಾರಣೆ ಅಂತ ಭಾಷೆಯನ್ನೇ ಹಿಡಿದು ಕೂರೋದು ಮೂರು, ಈಗಾಗಲೇ ಗೊತ್ತಿರೋದನ್ನ ಸ್ಪೀಡಾಗಿ ಮಾಡೋದು ನಾಲ್ಕು. ನಮ್ಮವರು ಮೂರನೇದರಲ್ಲೇ ಮುಳುಗಿರ್ತಾರೆ. ನಾಲ್ಕನೇದು, ಅಂದ್ರೆ ಗೊತ್ತಿರೋದನ್ನೇ ಬೇಗ ಬೇಗ ಹೇಳೋ ಅಭ್ಯಾಸ, ಯಾರೂ ಮಾಡೋದೇ ಇಲ್ಲ, ಆಮೇಲೆ ಎಲ್ಲ ಗೊತ್ತುಂಟು ಬಾಯಿಗೆ ಬರೋದಿಲ್ಲ ಅಂತ ಕಂಪ್ಲೇಂಟ್. ಬಾರದೆ ಇರೋದು ಸಹಜ, ಬಾಯಿಗೆ ಅಭ್ಯಾಸವೇ ಕೊಟ್ಟಿಲ್ಲ.

ಈಗ ಒಂದು ವಾರ ಪೂರ್ತಿ ಬಿಡಿಸಿ ನೋಡುವ, ಮನೆ ಬಾಡಿಗೆ ವಾರ. ಇದನ್ನ ಯಾಕೆ ತಗೊಂಡೆ ಅಂದ್ರೆ ಮುಂಬೈಯಲ್ಲಿ ಬಾಡಿಗೆಗೆ ಇರೋ ಎಷ್ಟೋ ಜನರ ಕೈಯಲ್ಲಿ ಒಂದು ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಇರ್ತದೆ, ಹೆಚ್ಚಾಗಿ 11 ತಿಂಗಳದ್ದು, ಹೆಚ್ಚಾಗಿ ಇಂಗ್ಲಿಷಲ್ಲಿ, ಮತ್ತೆ ಹೆಚ್ಚಿನವರು ಅದನ್ನ ಓದದೆ ಬ್ರೋಕರ್ ತೋರಿಸಿದಲ್ಲಿ ಸಹಿ ಹಾಕಿರ್ತಾರೆ. ಮಹಾರಾಷ್ಟ್ರದ 1999ರ ಬಾಡಿಗೆ ಕಾನೂನಿನ 55ನೇ ಸೆಕ್ಷನ್ ಪ್ರಕಾರ ಈ ಅಗ್ರಿಮೆಂಟ್ ಬರಹದಲ್ಲಿ ಇರಬೇಕು, ರಿಜಿಸ್ಟರ್ ಆಗಬೇಕು, ರಿಜಿಸ್ಟರ್ ಮಾಡಿಸೋ ಜವಾಬ್ದಾರಿ ಓನರಿಂದು. ಇಂಥ ಕಾಗದ ಮನೇಲೇ ಇರುವಾಗ ಬೇರೆ ಟೆಕ್ಸ್ಟ್‌ಬುಕ್ ಎಂತಕ್ಕೆ.

ಮೊದಲ ದಿನ ಅಗ್ರಿಮೆಂಟ್ ಮುಟ್ಟಬೇಡಿ. ಕನ್ನಡದಲ್ಲೇ, ನಿಮ್ಮ ಮನೆ ಮಾತಲ್ಲೇ, ಅದರಲ್ಲಿ ಎಂತೆಲ್ಲ ಇರಬಹುದು ಅಂತ ಒಂದು ಹಾಳೆಯಲ್ಲಿ ಬರೀರಿ: ಓನರ್ ಯಾರು, ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು, ವಾಪಸ್ ಯಾವಾಗ, ಎಷ್ಟು ದಿನ ಮೊದಲು ಹೇಳಿ ಬಿಡಬೇಕು, ಲೈಟ್ ಬಿಲ್ ಯಾರು ಕಟ್ಟೋದು, ಮೇಂಟೆನೆನ್ಸ್ ಯಾರು. ಇದು ತಲೆಯಲ್ಲಿ ಇದ್ರೆ ಇಂಗ್ಲಿಷ್ ಓದುವಾಗ ಅರ್ಧ ಅರ್ಥ ಮೊದಲೇ ರೆಡಿ ಇರ್ತದೆ, ಹುಡುಕೋದಷ್ಟೇ ಕೆಲಸ. ಎರಡನೇ ದಿನ ಅಗ್ರಿಮೆಂಟ್ ತೆಗೆದು ಆ ಹಾಳೆಯ ಪ್ರಶ್ನೆಗಳಿಗೆ ಉತ್ತರ ಎಲ್ಲಿದೆ ಅಂತ ಪೆನ್ಸಿಲಲ್ಲಿ ಗೆರೆ ಎಳೀರಿ, ಪೂರ್ತಿ ಓದೋಕೆ ಹೋಗಬೇಡಿ, ವಕೀಲರ ಇಂಗ್ಲಿಷ್ ಅದು, ಇಂಗ್ಲಿಷ್ ಬರೋವರಿಗೂ ಅದು ಬೋರು. ಲೈಸೆನ್ಸರ್ ಅಂದ್ರೆ ಓನರ್, ಲೈಸೆನ್ಸೀ ಅಂದ್ರೆ ನೀವು. ಎರಡೂ ಒಂದೇ ಥರ ಕೇಳೋದರಿಂದ ಮೇಲೆ ಹೇಳಿದ ಹಾಗೆ ಗೊಂದಲ ಗ್ಯಾರಂಟಿ, ಮೊದಲು ಒಂದನ್ನೇ, ನಿಮ್ಮದನ್ನೇ ಗಟ್ಟಿ ಮಾಡ್ಕೊಳ್ಳಿ, ಇನ್ನೊಂದು ಆಮೇಲೆ. ಶಾಲ್ (shall) ಅಂತ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಮಾಡಲೇಬೇಕು ಅಂತ ಓದಿ. ಲಾಕ್-ಇನ್ ಪೀರಿಯಡ್ ಅಂದ್ರೆ ಅಷ್ಟು ತಿಂಗಳು ಬಿಟ್ಟು ಹೋಗೋ ಹಾಗಿಲ್ಲ, ನೋಟಿಸ್ ಪೀರಿಯಡ್ ಅಂದ್ರೆ ಬಿಡೋದಾದ್ರೆ ಅಷ್ಟು ದಿನ ಮೊದಲು ಹೇಳಬೇಕು. ಈ ಎರಡು ಸಾಲಿಗೆ ಎಷ್ಟೋ ಜನರ ಡಿಪಾಜಿಟ್ ಹೋಗಿದೆ, ಹಾಗಾಗಿ ಇದನ್ನ ಮರೆಯೋ ಚಾನ್ಸ್ ಕಮ್ಮಿ.

ವ್ಯಾಕರಣ ಬೇಕೇ ಅಂದ್ರೆ ಬೇಕು, ಆದ್ರೆ ವಾರಕ್ಕೆ ಒಂದೇ, ಅದೂ ಆ ಕಾಗದದಿಂದಲೇ ಎತ್ತಿದ್ದು. ಬಾಡಿಗೆ ವಾರದಲ್ಲಿ ತಾರೀಕಿನ ಮಾತು ಜಾಸ್ತಿ, ಅಲ್ಲಿ ನಮಗೆ ಒಂದು ತೊಡಕುಂಟು. ಐದನೇ ತಾರೀಕಿನೊಳಗೆ, ಐದು ದಿನದೊಳಗೆ, ಎರಡಕ್ಕೂ ನಾವು ಒಳಗೆ ಅಂತಲೇ ಹೇಳೋದು, ಇಂಗ್ಲಿಷಲ್ಲಿ ಮೊದಲನೇದು ಬೈ ದ ಫಿಫ್ತ್, ಎರಡನೇದು ವಿದಿನ್ ಫೈವ್ ಡೇಸ್. ಇಷ್ಟನ್ನ ಬಾಡಿಗೆ, ಡಿಪಾಜಿಟ್, ರಿಪೇರಿ ಅಂತ ಆರೇಳು ವಾಕ್ಯ ಮಾಡಿ ಬಾಯಲ್ಲಿ ಆಡಿಸಿದ್ರೆ ಆ ವಾರದ ವ್ಯಾಕರಣ ಮುಗೀತು.

ಕೇಳೋ ದಿನ, ಯೂಟ್ಯೂಬಲ್ಲಿ ಲೀವ್ ಅಂಡ್ ಲೈಸೆನ್ಸ್ ಅಂತ ಹುಡುಕಿದ್ರೆ ಇಂಗ್ಲಿಷಲ್ಲಿ ವಿವರಿಸೋ ವಿಡಿಯೋ ಸಿಗ್ತವೆ, ಐದು ನಿಮಿಷದ್ದು ಒಂದು ಸಾಕು. ಮೊದಲ ಸಲ ಕ್ಯಾಪ್ಶನ್ ಆಫ್ ಮಾಡಿ ಗೊತ್ತಿರೋ ಪದ ಕೇಳಿಸಿದಾಗೆಲ್ಲ ಒಂದು ಗೀಟು ಹಾಕಿ. ಎರಡನೇ ಸಲ ಕ್ಯಾಪ್ಶನ್ ಆನ್, ಸ್ಪೀಡ್ 0.75. ಮೂರನೇ ಸಲ ಮತ್ತೆ ಆಫ್, ಮಾಮೂಲಿ ಸ್ಪೀಡ್. ಮೊದಲ ಸಲಕ್ಕೂ ಮೂರನೇ ಸಲಕ್ಕೂ ಗೀಟು ಎಷ್ಟು ಜಾಸ್ತಿ ಆಯ್ತು ಅಂತ ನೋಡಿದ್ರೆ ನಿಮಗೇ ಖುಷಿ ಆಗ್ತದೆ. ಇಯರ್‌ಫೋನ್ ಇದ್ರೆ ವಿರಾರ್ ಫಾಸ್ಟ್ ಲೋಕಲ್ ಟ್ರೈನಲ್ಲಿ ನಿಂತ್ಕೊಂಡೂ ಇದು ಆಗ್ತದೆ. ಅಂದ ಹಾಗೆ ಲೋಕಲಲ್ಲಿ ಇಯರ್‌ಫೋನ್ ತೆಗೆದ್ರೂ ಪಾಠ ಉಂಟು, ಮುಂದಿನ ಸ್ಟೇಷನ್ ಯಾವುದು ಅಂತ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳ್ತಾರೆ, ಮೊದಲ ಎರಡು ನಿಮಗೆ ಗೊತ್ತು, ಮೂರನೇದು ಬರೋ ಮೊದಲು ನೀವೇ ಬಾಯೊಳಗೆ ಹೇಳಿ ನೋಡಿ. ಬ್ಯಾಂಕಿನ ಸ್ಲಿಪ್, ರೈಲ್ವೆ ಬೋರ್ಡು ಎಲ್ಲ ಇದೇ ಥರ ಮೂರು ಭಾಷೆಯಲ್ಲಿ ಇರ್ತವೆ.

ಬರೆಯೋ ದಿನ ಓನರಿಗೆ ಒಂದು ವಾಟ್ಸಾಪ್ ಮೆಸೇಜ್. ಅಡುಗೆಮನೆ ನಲ್ಲಿ ಭಾನುವಾರದಿಂದ ಸೋರ್ತಾ ಉಂಟು, ಪ್ಲಂಬರ್ ಕಳಿಸಿ, ಅಷ್ಟೇ. ಹೆಚ್ಚಿನವರು ಬರೆಯೋದು ದ ಟ್ಯಾಪ್ ಈಸ್ ಲೀಕಿಂಗ್ ಫ್ರಮ್ ಸಂಡೇ ಅಂತ, ಯಾಕಂದ್ರೆ ಕನ್ನಡದಲ್ಲಿ ಸೋರ್ತಾ ಉಂಟು ಅಂದ್ರೆ ಸಾಕು. ಇಂಗ್ಲಿಷ್ ಅಲ್ಲಿ ಹ್ಯಾಸ್ ಬೀನ್ ಲೀಕಿಂಗ್ ಸಿನ್ಸ್ ಸಂಡೇ ಅಂತ ಕೇಳ್ತದೆ. ಹಿಂದಿ ಮರಾಠಿಯಲ್ಲೂ ನಮ್ಮ ಥರವೇ ಇರೋದರಿಂದ ಇಡೀ ಮುಂಬೈ ಈಸ್ ಲೀಕಿಂಗ್ ಅಂತಲೇ ಬರೀತದೆ, ಓನರಿಗೆ ಅರ್ಥವೂ ಆಗ್ತದೆ, ಹಾಗಾಗಿ ನಾಚಿಕೆ ಪಡೋದು ಬೇಡ, ಆದ್ರೆ ಸರಿ ರೂಪ ಗೊತ್ತಿರಲಿ. ಈಗ ಚಾಟ್ ಮಾಡೋ ಎಐ ಆ್ಯಪ್‌ಗಳು ಎಲ್ಲರ ಫೋನಲ್ಲೂ ಇವೆ, ಅದಕ್ಕೆ ಬರೆದು ಕೊಡು ಅಂದ್ರೆ ಚಂದ ಬರೆದು ಕೊಡ್ತದೆ, ನೀವು ಕಲಿಯೋದು ಸೊನ್ನೆ. ಮೊದಲು ನೀವು ಬರೀರಿ, ಆಮೇಲೆ ತಪ್ಪು ಎಲ್ಲೆಲ್ಲಿ ಉಂಟು ಅಷ್ಟೇ ತೋರಿಸು, ತಿದ್ದಬೇಡ ಅಂತ ಹೇಳಿ, ನೀವೇ ತಿದ್ದಿ, ಆಮೇಲೆ ಸರಿ ಆಯ್ತಾ ಅಂತ ಕೇಳಿ. ಮರುದಿನ ಅದೇ ಮೆಸೇಜನ್ನ ನೋಡದೆ ಇನ್ನೊಮ್ಮೆ ಬರೀಬೇಕು, ಕಲಿಕೆ ಆಗೋದು ಆ ಎರಡನೇ ಸಲದಲ್ಲಿ.

ಮಾತಿಗೆ ಒಂದು ಒಳ್ಳೇ ಆಟ ಉಂಟು, ನಾಲ್ಕು ಮೂರು ಎರಡು ಅಂತ ಅದರ ಹೆಸರು, 1983ರಲ್ಲಿ ಕೀತ್ ಮಾರಿಸ್ ಅನ್ನೋರು ಬರೆದದ್ದು. ಒಂದೇ ವಿಷಯವನ್ನ ಒಬ್ಬರಿಗೆ ನಾಲ್ಕು ನಿಮಿಷ, ಇನ್ನೊಬ್ಬರಿಗೆ ಮೂರು ನಿಮಿಷ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳೋದು. ವಿಷಯ ಬದಲಾಗೋದಿಲ್ಲ, ಟೈಮ್ ಕಮ್ಮಿ ಆಗ್ತದೆ, ಹಾಗಾಗಿ ಆಂ ಊಂ ಅನ್ನೋದು, ಮಧ್ಯ ಮಧ್ಯ ನಿಲ್ಲೋದು ತಾನಾಗೇ ಉದುರ್ತದೆ. ನೇಷನ್ ಹೇಳೋ ನಾಲ್ಕನೇ ಎಳೆ ಅಂದ್ರೆ ಇದೇ. ಶುರು ಮಾಡೋವರಿಗೆ ನಾಲ್ಕು ನಿಮಿಷ ಮಾತಾಡೋದು ಕಷ್ಟ, ಎರಡು, ಒಂದೂವರೆ, ಒಂದು ನಿಮಿಷ ಮಾಡ್ಕೊಳ್ಳಿ. ಮೂರು ಜನ ಕೇಳೋವರು ಎಲ್ಲಿ ಸಿಗ್ತಾರೆ, ಫೋನಿನ ರೆಕಾರ್ಡರ್ ಸಾಕು. ನನ್ನ ಮನೆ, ನನ್ನ ಬಾಡಿಗೆ, ನನ್ನ ಓನರ್ ಅಂತ ಹೇಳಿ. ರೆಕಾರ್ಡ್ ಕೇಳುವಾಗ ಒಂದೇ ಒಂದು ವಿಷಯ ಗಮನಿಸಿ, ಪದದ ಕೊನೆಯಲ್ಲಿ ಉ ಸೇರ್ತಾ ಉಂಟಾ ಅಂತ. ರೆಂಟು, ಓನರು, ಡಿಪಾಜಿಟ್ಟು ಅನ್ನೋದು ನಮಗೆ ಹುಟ್ಟಿನಿಂದ ಬಂದದ್ದು, ಕನ್ನಡ ಮಾತಾಡುವಾಗ ಅದೇ ಚಂದ. ಇಂಗ್ಲಿಷ್ ವಾಕ್ಯದ ಒಳಗೆ ಅದು ಬಂದ್ರೆ ಕೇಳೋವರಿಗೆ ಪದ ಎಲ್ಲಿ ಮುಗೀತು ಅಂತ ಗೊತ್ತಾಗೋದಿಲ್ಲ. ಅಮೆರಿಕದವರ ಹಾಗೆ ರಾಗ ಎಳೆಯೋ ಅಗತ್ಯ ಯಾರಿಗೂ ಇಲ್ಲ.

ರಜೆ ದಿನ ಪರೀಕ್ಷೆ, ಅಂದ್ರೆ ನಿಜವಾದ ಕೆಲಸ. ಗೆಳೆಯನ ಅಗ್ರಿಮೆಂಟ್ ತಗೊಂಡು, ನಿಮ್ಮದಲ್ಲ, ಅದರಲ್ಲಿ ಡಿಪಾಜಿಟ್ ವಾಪಸ್ ಬರೋದು ಯಾವಾಗ, ನೋಟಿಸ್ ಎಷ್ಟು ದಿನ ಅಂತ ಹುಡುಕಿ ಅವನಿಗೆ ಕನ್ನಡದಲ್ಲಿ ಹೇಳಿ. ಹೇಳೋಕೆ ಆಯ್ತಾ, ವಾರ ಪಾಸು.

ಇಷ್ಟು ದಿನದಲ್ಲಿ ಒಂದೆರಡು ದಿನ ತಪ್ಪುತ್ತದೆ, ಡಬಲ್ ಡ್ಯೂಟಿ ಬರ್ತದೆ, ಹಳಿ ರಿಪೇರಿಯ ಮೆಗಾ ಬ್ಲಾಕಲ್ಲಿ ಟ್ರೈನ್ ಸಿಗೋದಿಲ್ಲ, ಊರಿಂದ ನೆಂಟರು ಬರ್ತಾರೆ. ತಪ್ಪಿದ್ದನ್ನ ಮುಂದಿನ ವಾರಕ್ಕೆ ತಳ್ಳಬೇಡಿ. ಬಾಕಿ ಬೆಳೆದ್ರೆ ಅದು ಸಾಲದ ಹಾಗೆ ತಲೆಮೇಲೆ ಕೂರ್ತದೆ, ಆಮೇಲೆ ಒಂದು ದಿನ ಎಲ್ಲ ಬಿಟ್ಟುಬಿಡ್ತೀರಿ. ಸೋಮವಾರ ಬಂತಾ, ಹೊಸ ಥೀಮ್. ಹಳೇದು ಬೇರೆ ದಾರಿಯಲ್ಲಿ ವಾಪಸ್ ಬರ್ತದೆ.

ಆ ದಾರಿ ಯಾವುದು ಅಂದ್ರೆ ಡಬ್ಬಿ. ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಜರ್ಮನ್ ಪತ್ರಕರ್ತರು 1972ರಲ್ಲಿ ಬರೆದ ಪದ್ಧತಿ, ಇವತ್ತಿನ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳ ಹಿಂದಿರೋ ಯೋಚನೆ ಹೆಚ್ಚುಕಮ್ಮಿ ಇದೇ. ಮಿಠಾಯಿ ಡಬ್ಬಿಯಲ್ಲಿ ರಟ್ಟು ಇಟ್ಟು ಐದು ಖಾನೆ ಮಾಡಿ. ಹಳೇ ಬಿಲ್ ಹಾಳೆ ಕತ್ತರಿಸಿ ಒಂದು ಬದಿ ಕನ್ನಡದಲ್ಲಿ ಸಂದರ್ಭ, ಇನ್ನೊಂದು ಬದಿ ಇಂಗ್ಲಿಷ್ ವಾಕ್ಯ. ಬರೀ ಪದ ಬೇಡ, ವಾಕ್ಯವೇ ಬೇಕು. ಹೊಸ ಚೀಟಿ ಮೊದಲ ಖಾನೆಯಲ್ಲಿ, ದಿನಾ ನೋಡೋದು. ಸರಿ ಹೇಳಿದ್ರೆ ಮುಂದಿನ ಖಾನೆಗೆ ಬಡ್ತಿ, ಅದನ್ನ ಎರಡು ಮೂರು ದಿನಕ್ಕೊಮ್ಮೆ ನೋಡಿದ್ರೆ ಸಾಕು, ಅದರ ಮುಂದಿಂದು ವಾರಕ್ಕೊಮ್ಮೆ, ಹೀಗೆ. ತಪ್ಪಿದ್ರೆ ಸೀದಾ ಮೊದಲ ಖಾನೆಗೆ ವಾಪಸ್. ಮುಖ್ಯ ಏನಂದ್ರೆ ಚೀಟಿ ತಿರುಗಿಸೋ ಮೊದಲು ಉತ್ತರ ಬಾಯಲ್ಲಿ ಬರಬೇಕು, ನೋಡಿ ಹಾಂ ಗೊತ್ತುಂಟು ಅಂತ ತಲೆ ಆಡಿಸೋದಲ್ಲ. ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋ ಇಬ್ಬರು ಅಮೆರಿಕದಲ್ಲಿ ಕಾಲೇಜು ಹುಡುಗರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಉಂಟು, ಒಂದು ಪಾಠವನ್ನ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ರು, ಆದ್ರೆ ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡು ಬರೆದವರು ಅವರನ್ನ ಹಿಂದೆ ಹಾಕಿದ್ರು. ಓದಿದ್ರೆ ಬಂದ ಹಾಗೆ ಅನ್ಸೋದು ಬೇರೆ, ಬರೋದು ಬೇರೆ.

ಥೀಮುಗಳನ್ನ ಯಾವ ಸಾಲಲ್ಲಿ ಇಡೋದು ಅನ್ನೋದಕ್ಕೂ ಸ್ವಲ್ಪ ತಲೆ ಓಡಿಸಬೇಕು. ಬಾಡಿಗೆ ಆದ್ಮೇಲೆ ಸೊಸೈಟಿ ನೋಟಿಸ್ ತಗೊಂಡ್ರೆ ನೋಟಿಸ್, ಮೇಂಟೆನೆನ್ಸ್, ಡ್ಯೂ ಡೇಟ್ ಎಲ್ಲ ಮತ್ತೆ ಸಿಗ್ತದೆ, ಅದರ ನಂತರ ಲೈಟ್ ಬಿಲ್, ಕರೆಂಟ್ ಕೊಡೋದು ಬೆಸ್ಟ್ ಇರ್ಲಿ ಅದಾನಿ ಇರ್ಲಿ ಮಹಾವಿತರಣ ಇರ್ಲಿ, ಡ್ಯೂ ಡೇಟ್, ಅರಿಯರ್ಸ್, ಸೆಕ್ಯೂರಿಟಿ ಡಿಪಾಜಿಟ್. ಅಲ್ಲಿಂದ ಬ್ಯಾಂಕಿಗೆ ಹೋದ್ರೆ ಡಿಪಾಜಿಟ್ ಪದ ಬೇರೆ ಕೆಲಸ ಮಾಡ್ತಾ ಇರ್ತದೆ, ಇಂಟರೆಸ್ಟ್, ನಾಮಿನಿ, ಕೆವೈಸಿ ಹೊಸದಾಗಿ ಸೇರ್ತವೆ. ಬ್ಯಾಂಕಿಂದ ಸಂಬಳದ ಸ್ಲಿಪ್, ಅಲ್ಲಿಂದ ಕೆಲಸದ ಅರ್ಜಿ, ಅಲ್ಲೂ ನೋಟಿಸ್ ಪೀರಿಯಡ್ ಅಂತ ನಿಮ್ಮ ಹಳೇ ಗೆಳೆಯ ಬರ್ತಾನೆ. ಈ ಥರ ಒಂದರ ಬಾಲ ಇನ್ನೊಂದರ ತಲೆಗೆ ತಾಗೋ ಹಾಗೆ ಇಟ್ರೆ ಡಬ್ಬಿಯ ಅರ್ಧ ಕೆಲಸ ಥೀಮೇ ಮಾಡ್ತದೆ.

ಆಸ್ಪತ್ರೆ ವಾರ ಮಾತ್ರ ಎಲ್ಲರೂ ಮಾಡಲೇಬೇಕು ಅಂತ ನನ್ನ ಒತ್ತಾಯ. ಕೇಸ್ ಪೇಪರ್ ಮೇಲೆ ಡಾಕ್ಟರ್ ಬರೆಯೋದರಲ್ಲಿ ಒಡಿ ಅಂದ್ರೆ ದಿನಕ್ಕೊಮ್ಮೆ, ಬಿಡಿ ಅಂದ್ರೆ ಎರಡು ಸಲ, ಟಿಡಿಎಸ್ ಅಂದ್ರೆ ಮೂರು ಸಲ, ಎಸ್ಒಎಸ್ ಅಂದ್ರೆ ಬೇಕಾದ್ರೆ ಮಾತ್ರ. ಇದರಲ್ಲಿ ಒಡಿ, ಬಿಡಿ, ಟಿಡಿಎಸ್ ಲ್ಯಾಟಿನಿಂದ ಬಂದದ್ದು, ಹಾಗಾಗಿ ಇಂಗ್ಲಿಷ್ ಚೆನ್ನಾಗಿ ಬರೋವರಿಗೂ ಇದು ತಾನಾಗಿ ಗೊತ್ತಾಗೋದಿಲ್ಲ, ಕೇಳಿಯೇ ತಿಳೀಬೇಕು. ಸಂಬಳದ ವಾರದಲ್ಲಿ ಟಿಡಿಎಸ್ ಅಂದ್ರೆ ಟ್ಯಾಕ್ಸ್ ಕಟ್ ಆಗೋದು, ಎರಡು ವಾರ ಪಕ್ಕಪಕ್ಕ ಇಡಬೇಡಿ. ಈ ವಾರದಲ್ಲಿ ಮಾತಿನ ಅಭ್ಯಾಸ ನೋವು ವಿವರಿಸೋದು: ಎಲ್ಲಿ, ಯಾವಾಗಿಂದ, ಹೇಗೆ, ಎಂತ ತಿಂದ್ರೆ ಜಾಸ್ತಿ. ಮೇಲಿನ ಸಿನ್ಸ್ ಸಂಡೇ ಇಲ್ಲೂ ಕೆಲಸಕ್ಕೆ ಬರ್ತದೆ.

ಮತ್ತೆ ಅವರವರ ಕೆಲಸಕ್ಕೆ ಅವರವರ ಥೀಮ್. ಹೋಟೆಲಲ್ಲಿ ಕ್ಯಾಪ್ಟನ್ ಆಗಬೇಕು ಅಂತಿರೋ ವೇಟರಿಗೆ ಗಿರಾಕಿ ಕಂಪ್ಲೇಂಟ್ ವಾರ ಬೇಕು, ಸಾಂಬಾರ್ ತಣ್ಣಗಿದೆ ಅಂದಾಗ ಸಾರಿ ಸರ್ ಅಂದು ನಿಲ್ಲದೆ ಮುಂದಿನ ಎರಡು ವಾಕ್ಯ ಹೇಳೋಕೆ. ಮಕ್ಕಳಿರೋ ತಾಯಿಗೆ ಪೇರೆಂಟ್ಸ್ ಮೀಟಿಂಗ್ ವಾರ. ವಾಚ್‌ಮನ್‌ಗೆ ರಿಜಿಸ್ಟರ್ ಬರೆಯೋ ವಾರ. ಬಿಸಿನೆಸ್ ಇಂಗ್ಲಿಷ್, ಜನರಲ್ ಇಂಗ್ಲಿಷ್ ಅಂತ ದೊಡ್ಡ ದೊಡ್ಡ ಹೆಸರಿಟ್ಟ ಥೀಮ್ ಒಂದು ವಾರದಲ್ಲಿ ಹಿಡಿಯೋದಿಲ್ಲ, ಒಂದು ವರ್ಷದಲ್ಲೂ ಹಿಡಿಯೋದಿಲ್ಲ.

ಒಂದು ಎಚ್ಚರಿಕೆ. ಅಗ್ರಿಮೆಂಟ್, ಬ್ಯಾಂಕ್ ಫಾರ್ಮು ಇಂಥವು ಗೆರೆ ಎಳೆದು ಹುಡುಕೋಕೆ ಒಳ್ಳೇದು, ಸುಮ್ಮನೆ ಓದಿ ಮುಂದೆ ಹೋಗೋ ಅಭ್ಯಾಸಕ್ಕೆ ಅಲ್ಲ. ನಿರಾಳವಾಗಿ ಓದಬೇಕು ಅಂದ್ರೆ ನೂರು ಪದಕ್ಕೆ ಗೊತ್ತಿಲ್ಲದ್ದು ಎರಡರ ಹತ್ರ ಇರಬೇಕು ಅಂತ ಹೂ ಮತ್ತೆ ನೇಷನ್ 2000ದಲ್ಲಿ ಬರೆದ ಲೆಕ್ಕ ಹೇಳ್ತದೆ. ಹಾಗಾಗಿ ಪಕ್ಕದಲ್ಲಿ ಏನಾದ್ರೂ ಸುಲಭದ್ದು ಇಟ್ಕೊಳ್ಳಿ, ಮಕ್ಕಳ ಇಂಗ್ಲಿಷ್ ಪುಸ್ತಕ, ಕಲಿಯೋರಿಗೆ ಅಂತಲೇ ಸರಳ ಮಾಡಿ ಬರೆದ ಕಥೆಗಳು, ಬಿಬಿಸಿ ಲರ್ನಿಂಗ್ ಇಂಗ್ಲಿಷಿನ ಸಿಕ್ಸ್ ಮಿನಿಟ್ ಇಂಗ್ಲಿಷ್ ಥರದ್ದು. ಬಿಬಿಸಿಯದ್ದು ಹೊಸಬರಿಗೆ ಸ್ವಲ್ಪ ಮೇಲಿನ ಮಟ್ಟ, ಆದ್ರೆ ಬರಹವೂ ಜೊತೆಗೆ ಕೊಡ್ತಾರೆ.

ಒಬ್ಬರೇ ಮಾಡೋದು ಕಷ್ಟ ಅನ್ನೋದನ್ನೂ ಒಪ್ಪಬೇಕು. ಹಿಂದೆ ಈ ಊರಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದಾಗ ಹೋಟೆಲ್ ಹುಡುಗರು ಹಗಲಿಡೀ ಟೇಬಲ್ ಒರೆಸಿ ರಾತ್ರಿ ಬೆಂಚಲ್ಲಿ ಕೂರ್ತಿದ್ರು, ಎಷ್ಟೋ ಜನ ಹಾಗೇ ಓದಿ ಮೇಲೆ ಬಂದ್ರು. ಆ ಶಾಲೆಗಳ ಶಕ್ತಿಯಲ್ಲಿ ಅರ್ಧ ಮೇಷ್ಟ್ರದ್ದಾದ್ರೆ ಇನ್ನರ್ಧ ಪಕ್ಕದಲ್ಲಿ ಕೂತವನದ್ದು, ಅವನು ಬಂದಿದ್ದಾನೆ ಅಂತ ಇವನೂ ಬರ್ತಿದ್ದ. ಈಗ ರೂಮ್‌ಮೇಟ್ ಒಬ್ಬ ಸಿಕ್ಕಿದ್ರೂ ಆಗ್ತದೆ. ಇಬ್ಬರೂ ಒಂದೇ ಥೀಮ್, ದಿನಕ್ಕೆ ಒಂದು ವಾಯ್ಸ್ ನೋಟ್, ತಪ್ಪು ಹುಡುಕೋದು ಬೇಡ, ಕೇಳಿ ಒಂದು ಪ್ರಶ್ನೆ ಕೇಳೋದು ಅಷ್ಟೇ ಕರಾರು. ಪ್ರಶ್ನೆ ಬಂತು ಅಂದ್ರೆ ಉತ್ತರ ಕೊಡಬೇಕಾಗ್ತದೆ, ರೆಕಾರ್ಡರ್ ಪ್ರಶ್ನೆ ಕೇಳೋದಿಲ್ಲ.

ಹತ್ತು ಹನ್ನೆರಡು ಥೀಮ್ ಆದ್ಮೇಲೆ ಹೊಸದು ಹುಡುಕ್ತಾ ಹೋಗಬೇಡಿ, ಮೊದಲನೇದಕ್ಕೇ ವಾಪಸ್ ಬನ್ನಿ, ಮಟ್ಟ ಮಾತ್ರ ಏರಿಸಿ. ಮೊದಲ ಸುತ್ತಲ್ಲಿ ನಲ್ಲಿ ಸೋರ್ತದೆ ಅಂತ ಮೆಸೇಜ್ ಬರೆದಿದ್ರಿ, ಈ ಸಲ ಬಾಡಿಗೆ ಜಾಸ್ತಿ ಮಾಡ್ತೇನೆ ಅನ್ನೋ ಓನರ್ ಹತ್ರ ಫೋನಲ್ಲಿ ಚೌಕಾಶಿ. ರೂಮ್‌ಮೇಟನ್ನ ಓನರ್ ಮಾಡಿ, ಅವನು ಒಪ್ಪಲೇಬಾರದು ಅಂತ ಮೊದಲೇ ಹೇಳಿಡಿ, ಐದು ನಿಮಿಷ ಇಂಗ್ಲಿಷಲ್ಲೇ ಎಳೀರಿ, ಹಿಂದಿ ಬಾಯಿಗೆ ಬಂದ್ರೆ ಆ ವಾಕ್ಯವನ್ನ ಚೀಟಿಯಲ್ಲಿ ಬರೆದು ಡಬ್ಬಿಯ ಮೊದಲ ಖಾನೆಗೆ ಹಾಕಿ.